ಲಾಳ ಕಟ್ಟುವ ಆಟ

ಅಕ್ಕಿಆಲೂರಿನ ನಮ್ಮ ಮನೆಯ ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದುದು ದಂದಕ್ಕಿ, ಅಂದರೆ ದನ ಕಟ್ಟುವ ತಗ್ಗಿನ ಜಾಗ. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ಅದಕ್ಕೂ ಹಿಂದೆ ಹಗಲಿನಲ್ಲೂ ಕತ್ತಲಿರುತ್ತಿದ್ದ ಅಡಿಗೆಮನೆ. ನಮ್ಮ ಕಡೆಯ ಮನೆಗಳೆಲ್ಲ ಹಾಗೆಯೇ. ಮನುಷ್ಯರೂ ದನಗಳೂ ಒಂದೇ ಬಾಗಿಲಿನಿಂದ ಒಳಗೆ ಬರುವುದು. ಆದರೆ ನನಗೆ ತಿಳಿವಳಿಕೆ ಬರುವ ಹೊತ್ತಿಗೆ ನಮ್ಮ ದಂದಕ್ಕಿ ಖಾಲಿಯಾಗಿತ್ತು. ಅಪ್ಪ ಹೊಲವನ್ನು ಪಾಲಿಗೆ ಕೊಟ್ಟು, ಎತ್ತುಗಳನ್ನು ಮಾರಿ, ಊರ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಬಿಳಿ ಅಂಗಿ ತೊಟ್ಟು, ಜರದ ಅಂಚಿನ ಕೆಂಪು ರುಮಾಲು ಸುತ್ತಿ ಗಿರಣಿಗೆ ಹೋಗುತ್ತಿದ್ದ. ಸಂಜೆ ಬಂದ ಮೇಲೆ ರುಮಾಲನ್ನು ಪಡಸಾಲೆಯ ಗೂಟಕ್ಕೆ ಹಾಕುತ್ತಿದ್ದ. ಅದನ್ನು ಮುಟ್ಟುವ ಹಕ್ಕು ಮನೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಅದು ಹೇಳಿಕೊಟ್ಟ ನಿಯಮವಲ್ಲ. ಆ ಗೂಟದ ಕೆಳಗೆ ಹೋಗುವಾಗ ನಾವು ತಲೆ ತಗ್ಗಿಸಿ ಹೋಗುತ್ತಿದ್ದೆವು, ಅಷ್ಟೆ.

ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಹಿರಿಮಗಳಾದ ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಈರಣ್ಣ, ಮತ್ತು ನೀಲತ್ತಿ. ನೀಲತ್ತಿ ಅಪ್ಪನ ತಂಗಿ. ಹಿರೇಕೆರೂರಿಗೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ಹೋದ ಮೇಲೆ ತವರಿಗೆ ಬಂದಿದ್ದಳು. ಮಕ್ಕಳಿರಲಿಲ್ಲ. ಎಲ್ಲರ ಊಟವಾದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ತಣ್ಣಗಾದ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಒತ್ತಿ ತಿನ್ನುತ್ತಿದ್ದಳು. ಅವಳಿಗೆ ನಗು ಬಹಳ. ಅವಳು ನಕ್ಕರೆ ಅಜ್ಜಿ, ಅವಳನ್ನು ಹೆತ್ತ ತಾಯಿಯೇ, ನಡುಮನೆಯಿಂದ ಹೇಳುತ್ತಿದ್ದಳು:

"ನೀಲವ್ವ, ಬಾಜೂ ಮನ್ಯಾಗ ಕೇಳತೈತಿ. ರಂಡಿ ಮುಂಡಿ ನಗೂ ನಗಿ ಅಲ್ಲದು."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಉಳಿದ ನಗುವನ್ನು ನುಂಗುತ್ತಿದ್ದಳು. ಆ ಮನೆಯಲ್ಲಿ ದೊಡ್ಡವರ ಪೈಕಿ ನಮ್ಮ ಜೊತೆ ಆಡುತ್ತಿದ್ದವಳು ಅವಳೊಬ್ಬಳೇ. ಈರಣ್ಣ ಅವಳ ಸೊಂಟ ಬಿಟ್ಟು ಇಳಿದದ್ದು ಕಡಿಮೆ.

ಗಿರಣಿಯ ಹಿಂದೆ ಭತ್ತದ ಹೊಟ್ಟಿನ ಬೂದಿಯ ರಾಶಿ ಇತ್ತು. ಭತ್ತ ಕುದಿಸುವ ಒಲೆಗೆ ಹೊಟ್ಟನ್ನೇ ಉರಿಸಿ, ಬೂದಿಯನ್ನು ಅಲ್ಲಿ ಒಂದು ಗುಂಡಿಗೆ ಸುರಿಯುತ್ತಿದ್ದರು. ಆ ಬೂದಿಯ ಗುಣ ಗಿರಣಿಯ ಆಳುಗಳಿಗೆಲ್ಲ ಗೊತ್ತು. ಮೇಲೆ ಬೆಳ್ಳಗೆ, ತಣ್ಣಗೆ ಕಾಣುತ್ತದೆ, ಒಳಗೆ ಕೆಂಡ ದಿನಗಟ್ಟಲೆ ಉಸಿರಾಡುತ್ತಿರುತ್ತದೆ. ನಮ್ಮ ಭಾಗ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಹೊಸತು, ಈರಣ್ಣನಿಗೆ ಐದು ವರ್ಷ. ಅಪ್ಪನಿಗೆ ಬುತ್ತಿ ಕೊಡಲು ಅವ್ವನ ಜೊತೆ ಹೋದವನು ಒಂದು ಕೋಳಿಮರಿಯ ಹಿಂದೆ ಓಡಿ ಆ ಬೂದಿಯಲ್ಲಿ ಕಾಲಿಟ್ಟ. ಎಡಗಾಲು ಅಂಚಿನ ಕಲ್ಲಿನ ಮೇಲೆ ಉಳಿಯಿತು. ಬಲಗಾಲು ತೊಡೆಯವರೆಗೆ ಹೂತಿತು. ಆಳುಗಳು ಎಳೆದು ತೆಗೆಯುವಷ್ಟರಲ್ಲಿ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಬೂದಿ ತುಂಬಿಕೊಂಡಿತ್ತು. ಕಾಲು ಮಡಚಿದ್ದರಿಂದ ಅದು ಅಲ್ಲಿಯೇ ನಿಂತು ಸುಟ್ಟಿತು.

ಹಾನಗಲ್ಲಿನ ದವಾಖಾನೆಯಲ್ಲಿ ಕೆಲವು ವಾರ ಇಟ್ಟುಕೊಂಡರು. ಜೀವಕ್ಕೆ ಭಯವಿಲ್ಲವೆಂದು ಗೊತ್ತಾದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಅವ್ವನನ್ನೂ ಅತ್ತೆಯನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ದಿನಾಲು ಪಟ್ಟಿ ಬಿಚ್ಚಬೇಕು, ತೊಳೆಯಬೇಕು, ಕಾಲನ್ನು ಮೆಲ್ಲಗೆ ಚಾಚಿಸಿ ಹಲಗೆಗೆ ಕಟ್ಟಬೇಕು. ಹೊಸ ತೊಗಲು ಬರುವಾಗ ಕಾಲು ಮಡಚಿದ್ದರೆ ತೊಗಲು ಹಾಗೇ ಜಗ್ಗಿ ಹಿಡಿಯುತ್ತದೆ. ಆಮೇಲೆ ಆ ಕಾಲು ನೆಟ್ಟಗಾಗುವುದಿಲ್ಲ. ಡಾಕ್ಟರು ತಮ್ಮ ಮೊಣಕೈಯನ್ನೇ ಮಡಚಿ, ಬಿಚ್ಚಿ ತೋರಿಸಿದರು. ಅವ್ವ ತಲೆಯಾಡಿಸಿದಳು. ಅತ್ತೆ ತಾನೂ ಮೊಣಕೈ ಮಡಚಿ, ಬಿಚ್ಚಿ ನೋಡಿಕೊಂಡಳು.

ಊರಿನ ಔಷಧಾಲಯದ ಕಂಪೌಂಡರರು ಬೆಳಿಗ್ಗೆ ಸೈಕಲ್ ಮೇಲೆ ಮನೆಗೆ ಬರುತ್ತಿದ್ದರು. ಪಟ್ಟಿ ಗಾಯಕ್ಕೆ ಅಂಟಿರುತ್ತಿತ್ತು. ಉಪ್ಪುನೀರು ಸುರಿದು ನೆನೆಸಿ ಬಿಡಿಸಬೇಕು. ಅಜ್ಜಿ ಹೆಗಲು ಹಿಡಿಯುವಳು, ಅವ್ವ ಕೈ, ಅಪ್ಪ ಸೊಂಟ. ಈರಣ್ಣ ಕೂಗಿ ಕೂಗಿ ದನಿ ಬಿದ್ದುಹೋಗಿ, ಬಾಯಿ ಮಾತ್ರ ತೆರೆದಿರುತ್ತಿತ್ತು. ಕಾಲು ಚಾಚಿಸಲು ಆಗುತ್ತಲೇ ಇರಲಿಲ್ಲ. ಯಾರಾದರೂ ಹಿತ್ತಾಳೆ ಬೋಗುಣಿ ತೆಗೆದ ಸದ್ದಾದರೆ ಸಾಕು, ಎಲ್ಲಿದ್ದರಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ಅಪ್ಪನ ಮಾತು ಒಂದೇ:

"ಮುಳ್ಳು ತೆಗೀಬೇಕಾದ್ರ ಒಮ್ಮಿಗೇ ತೆಗೀಬೇಕು. ರಮಿಸಿದಷ್ಟು ಹುಡುಗ ಹೆದರತೈತಿ."

ಸಂತೆಯ ದಿನ ಅತ್ತೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಟಳು. ನಾನೂ ಹೋದೆ. ಸಂತೆಯ ಬಯಲಿನ ಅಂಚಿನಲ್ಲಿ ಹುಣಿಸೆಮರದ ಕೆಳಗೆ ಸವಣೂರಿನ ನಾಲಬಂದ ಇಮಾಮಸಾಬ ಎತ್ತುಗಳಿಗೆ ನಾಲ, ಅಂದರೆ ಲಾಳ, ಕಟ್ಟುತ್ತಿದ್ದ. ಹಗ್ಗವನ್ನು ಎತ್ತಿನ ಮೈಗೆ ಸುತ್ತಿ ಎಳೆದರೆ ಅಷ್ಟು ದೊಡ್ಡ ಪ್ರಾಣಿ ಮೊಣಕಾಲೂರಿ, ಆಮೇಲೆ ಪಕ್ಕಕ್ಕೆ ಬೀಳುತ್ತಿತ್ತು. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಒಂದೊಂದೇ ಗೊರಸಿಗೆ ಲಾಳವಿಟ್ಟು ಮೊಳೆ ಬಡಿಯುತ್ತಿದ್ದ. ಎತ್ತಿನ ಒಡೆಯ ಅದರ ತಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕಣ್ಣಿನ ಮೇಲೆ ಅಂಗೈ ಇಟ್ಟಿದ್ದ. ಬಹಳ ದಿನಗಳ ಮೇಲೆ ಈರಣ್ಣ ತಾನಾಗಿ ಮಾತಾಡಿದ.

"ಅದಕ್ಕ ನೋವಾಗೂದಿಲ್ಲೇನ್ರಿ?"

"ಗೊರಸಿಗೆ ನೋವಿಲ್ಲೋ ಬೇಟಾ," ಅಂದ ಇಮಾಮಸಾಬ, ಬಾಯಲ್ಲಿ ಹಿಡಿದ ಮೊಳೆಗಳ ನಡುವಿನಿಂದ. "ಮೊಳಿ ಒಳಗಿನ ಮಾಂಸಕ್ಕ ಹತ್ತಿದ್ರ ನೋವು. ಹತ್ತಿತು ಅಂದ್ರ ಕಿವಿ ಬಡೀತೈತಿ. ಕಿವಿ ಬಡೀತಂದ್ರ ನಾ ಕೈ ಎತ್ತತೇನಿ."

"ಎತ್ತದಿದ್ರ?"

"ಎತ್ತದಿದ್ರ ಮುಂದಿನ ಸಲ ಈ ಗೌಡ್ರು ನನ್ನ ಕಡೆ ಎತ್ತು ಹೊಡಕೊಂಡು ಬರೂದಿಲ್ಲ. ಎತ್ತೂ ಬರೂದಿಲ್ಲ."

ಮರುದಿನ ಬೆಳಿಗ್ಗೆ ಅತ್ತೆ ದಂದಕ್ಕಿಯನ್ನು ಗುಡಿಸಿ, ಒಗೆದ ಕೌದಿ ಹಾಸಿದಳು. ಸೀರೆಯನ್ನು ಕಚ್ಚೆ ಹಾಕಿ, ತಲೆಗೆ ಒಂದು ಟವೆಲು ಸುತ್ತಿ, ಬಾಯಲ್ಲಿ ನಾಲ್ಕು ಕಡ್ಡಿ ಹಿಡಿದು ಬಂದು ನಿಂತಳು. ನನ್ನನ್ನು ಎತ್ತಿನ ಒಡೆಯನನ್ನಾಗಿ ಮಾಡಿದಳು. ಆಗ ಕಂಪೌಂಡರರು ಸೈಕಲ್ ನಿಲ್ಲಿಸಿ ಒಳಗೆ ಬಂದರು.

"ಏನ್ರಿ ಗೌಡ್ರ, ನಿಮ್ಮ ಎತ್ತು ಹಾಯತೈತೇನು?" ಎಂದು ಅತ್ತೆ ನನ್ನನ್ನು ಕೇಳಿದಳು.

"ಹಾಯೂದಿಲ್ಲ, ಒದೀತೈತಿ," ಅಂದೆ ನಾನು.

"ಒದೀಲಿ. ಇವರು ನಮ್ಮ ಆಳು. ಹೊಸಬರು. ಇನ್ನೂ ಕೆಲಸಾ ಕಲಿಯಾಕತ್ತಾರ," ಎಂದು ಕಂಪೌಂಡರರ ಕಡೆ ಕೈ ತೋರಿಸಿದಳು.

ಕಂಪೌಂಡರರ ಮುಖ ಗಂಟಿಕ್ಕಿತು. ಆದರೆ ಈರಣ್ಣ ನಗುತ್ತಿದ್ದ. ಅತ್ತೆ ಹಗ್ಗವನ್ನು ಅವನ ಮೈಗೆ ಸಡಿಲಾಗಿ ಬಳಸಿದಳು, ಎಳೆಯಲಿಲ್ಲ. ಅವನೇ ಮೊಣಕೈಯೂರಿ, ಪಕ್ಕಕ್ಕೆ ಬಿದ್ದ. ಆಟದ ನಿಯಮವೆಂದರೆ, ಎತ್ತು ಅಳಬಾರದು, ಆದರೆ ಎಷ್ಟು ಬೇಕಾದರೂ ಒದರಬಹುದು. ಕೈಯನ್ನು ಕಿವಿಯ ಹತ್ತಿರ ಇಟ್ಟು ಪಟಪಟ ಬಡಿದರೆ ಎಲ್ಲರೂ ಕೈ ಎತ್ತಬೇಕು, ಕಂಪೌಂಡರರೂ. ಮೊದಲನೆಯ ದಿನ ಅವನು ಆ ಕಿವಿಯನ್ನು ಮತ್ತೆ ಮತ್ತೆ ಬಡಿದ, ಪರೀಕ್ಷೆ ಮಾಡುವವನಂತೆ. ಪ್ರತಿ ಸಲವೂ ಅತ್ತೆ ಕೈ ಎತ್ತಿದಳು. ಕಂಪೌಂಡರರು ನಿಟ್ಟುಸಿರು ಬಿಟ್ಟು ಕೈ ಎತ್ತಿದರು. ಪಟ್ಟಿ ಬಿಚ್ಚಿ ಮುಗಿಯುವಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಕೊನೆಗೆ ಅತ್ತೆ ಕೇಳಿದಳು:

"ನಾಲ ಬರೋಬರಿ ಕುಂತಾವೋ ಇಲ್ಲೋ, ಕಾಲು ಚಾಚಿ ತೋರಸಪಾ ಬಸವಣ್ಣಾ."

ಅವನು ಹಲ್ಲು ಕಚ್ಚಿ, ತಾನೇ ಚಾಚಿದ. ಪೂರ್ತಿ ಅಲ್ಲ, ಒಂದು ಚೂರು. ಮರುದಿನ ಇನ್ನೊಂದು ಚೂರು. ದಿನ ಕಳೆದಂತೆ ಕಿವಿ ಬಡಿಯುವುದು ಕಡಿಮೆಯಾಯಿತು. ಬೋಗುಣಿಯ ಸದ್ದಾದರೆ ತಾನೇ ಅಂಡೂರಿ ಜಾರಿಕೊಂಡು ದಂದಕ್ಕಿಗೆ ಬರತೊಡಗಿದ. ಕಾಲನ್ನು ಹಲಗೆಯ ಮೇಲಿಟ್ಟಾಗ ಮೊಣಕಾಲಿನ ಹಿಂದೆ ಮುಷ್ಟಿ ಹಿಡಿಯುತ್ತಿದ್ದ ಸಂದು ಸಣ್ಣದಾಗುತ್ತ ಬಂದು, ಬೆರಳಷ್ಟೇ ಹಿಡಿಯುವಂತಾಯಿತು. ಕಂಪೌಂಡರರೇ ಒಂದು ದಿನ ಅವ್ವನಿಗೆ ಹೇಳಿದರು:

"ತಾಯಿ, ಹಿಂಗ ಇನ್ನಷ್ಟು ದಿನಾ ನಡದ್ರ ಹುಡುಗ ನೆಟ್ಟಗ ನಡೀತಾನ. ಆದ್ರ ನನಗ ಉಳಿದ ರೋಗಿಗಳು ಬೈಯಾಕತ್ತಾರ, ತಾಸುಗಟ್ಟಲೆ ಇಲ್ಲೇ ಇರತೇನಿ ಅಂತ."

ಒದರುವ ಸದ್ದು ಓಣಿಗೆ ಕೇಳುತ್ತಿತ್ತು. ಗಿರಣಿಯಲ್ಲಿ ಅಪ್ಪನನ್ನು ಛೇಡಿಸಿದರು, "ಗುಮಾಸ್ತರ, ಮಾರಿದ ಎತ್ತು ಹೊಳ್ಳಿ ಮನೀಗೆ ಬಂದಾವಂತ" ಎಂದು. ಅಪ್ಪ ಅದನ್ನು ಊಟಕ್ಕೆ ಕೂತಾಗ ಹೇಳಿದ. ನಗಲಿಲ್ಲ. ಅತ್ತೆ ರೊಟ್ಟಿ ಬಡಿಯುತ್ತ, "ಮತ್ತ ಏನ್ ಹೇಳಿದ್ಯೋ ಅಣ್ಣಾ, ಒಂದ ಎತ್ತು ಅಂತ ಹೇಳಬೇಕಿಲ್ಲ?" ಅಂದಳು. ಅಪ್ಪ ತಾಟನ್ನು ಮುಂದಕ್ಕೆ ತಳ್ಳಿ ಎದ್ದ.

ಟವೆಲು ಜಾರುತ್ತದೆಂದೂ, ಇಮಾಮಸಾಬನದು ಕೆಂಪು ರುಮಾಲೆಂದೂ ಈರಣ್ಣ ತಕರಾರು ತೆಗೆದದ್ದು ಅದರ ಮುಂದಿನ ವಾರ. ಅಂದು ಅಮಾವಾಸ್ಯೆ, ಗಿರಣಿಗೆ ರಜೆ. ಅಪ್ಪ ಬರಿತಲೆಯಲ್ಲಿ ಹೊರಗೆ ಹೋಗಿದ್ದ. ಅತ್ತೆ ಗೂಟದ ಕಡೆ ನೋಡಿದಳು, ಅಡಿಗೆಮನೆಯ ಕಡೆ ನೋಡಿದಳು, ಕೈಚಾಚಿ ರುಮಾಲು ತೆಗೆದಳು. ಅದನ್ನು ಸುತ್ತಿದ ಮೇಲೆ ಅವಳ ಮುಖ ಅಪ್ಪನ ಮುಖದಂತೆಯೇ ಕಂಡದ್ದು ನನಗೆ ನೆನಪಿದೆ. ಈರಣ್ಣ ಅಷ್ಟು ಜೋರಾಗಿ ಎಂದೂ ನಕ್ಕಿರಲಿಲ್ಲ. ಆ ನಗುವಿನ ನಡುವೆಯೇ ಕಾಲು ಚಾಚಿದ. ಕಾಲು ಹಲಗೆಗೆ ಮುಟ್ಟಿತು. ನಾನು ನೋಡಿದೆ. ಮುಟ್ಟಿತು. ಆಗ ಬಾಗಿಲಲ್ಲಿ ಅಪ್ಪ ನಿಂತಿದ್ದ, ಅವನ ಹಿಂದೆ ಹುಡುಗನನ್ನು ನೋಡಲೆಂದು ಬಂದ ಗಿರಣಿಯ ಮಾಲಕರು. ಕಚ್ಚೆ ಹಾಕಿ, ಬಾಯಲ್ಲಿ ಕಡ್ಡಿ ಹಿಡಿದು, ಅಣ್ಣನ ರುಮಾಲು ಸುತ್ತಿಕೊಂಡ ವಿಧವೆಯನ್ನು ಮಾಲಕರು ಒಂದು ಗಳಿಗೆ ನೋಡಿದರು.

"ನಾಟಕ ಚಲೋ ನಡದೈತಿ ಗುಮಾಸ್ತರ, ನಡೀಲಿ," ಎಂದು ತಂದಿದ್ದ ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು ಹೋದರು.

ಅಪ್ಪ ಕೂಗಲಿಲ್ಲ. ಕೂಗಿದ್ದು ಅಜ್ಜಿ. ಗಂಡ ಸತ್ತವಳು ಸುತ್ತಿಕೊಂಡ ರುಮಾಲನ್ನು ನನ್ನ ಮಗ ಇನ್ನು ಹೇಗೆ ತಲೆಗೆ ಇಡಬೇಕು ಎಂದು ಎದೆ ಬಡಿದುಕೊಂಡಳು. ಒಬ್ಬನನ್ನು ತಿಂದವಳಿಗೆ ಸಾಲಲಿಲ್ಲ, ಒಡಹುಟ್ಟಿದವನನ್ನೂ ತಿನ್ನಲು ನಿಂತಿದ್ದಾಳೆ ಅಂದಳು. ಹೆತ್ತ ಮಗಳಿಗೆ ಹಾಗೆ ಹೇಳಿದಳು. ಅತ್ತೆ ರುಮಾಲನ್ನು ಬಿಚ್ಚಿ, ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಸಂಜೆ ಅಪ್ಪ ಬಾಯಿ ಬಿಟ್ಟ.

"ನೀಲಾ, ನಾಳೆ ಬಸ್ಸಿಗೆ ಹಿರೇಕೆರೂರಿಗೆ ನಡಿ. ನಿನ್ನ ಮೈದುನ ಅದಾನ, ಮನಿ ಐತಿ."

"ರುಮಾಲು ಮುಟ್ಟಿದ್ದು ತಪ್ಪಾತಣ್ಣಾ. ಇನ್ನ ಮುಟ್ಟೂದಿಲ್ಲ. ಹುಡುಗನ ತೊಗಲು ಬರೂಮಟಾ ಇರತೇನಿ. ಆಮ್ಯಾಲೆ ನೀ ಹೇಳೂದ ಬ್ಯಾಡ, ನಾನ ಹೋಗತೇನಿ."

"ಹುಡುಗನ್ನ ನೋಡಾಕ ಅವನ ಅಪ್ಪ ಅದಾನ."

"ಅವ ಕಿವಿ ಬಡದ್ರ ನೀ ನಿಲ್ಲಸ್ತೀಯೇನು?"

"ಆಟ ನನಗೂ ಬರತೈತಿ."

ಅವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಬೆಳಿಗ್ಗೆ ಈರಣ್ಣ ಏಳುವ ಮೊದಲೇ ಅತ್ತೆಯನ್ನು ಬಸ್ಸಿಗೆ ಹತ್ತಿಸಿದರು. ಏಳುತ್ತಲೇ ಅವನು ಅತ್ತೆ ಎಲ್ಲಿ ಎಂದು ಕೇಳಿದ. ನಾಲಬಂದ ಸವಣೂರಿಗೆ ಹೋಗಿದ್ದಾನೆ ಎಂದು ಅಜ್ಜಿ ಹೇಳಿದಳು.

ಅಪ್ಪ ಆ ದಿನ ಆಟ ಆಡಿದ. ಇದನ್ನು ನಾನು ಮುಚ್ಚಿಡುವುದಿಲ್ಲ. ಅವನು ಪ್ರೀತಿಯಿಂದಲೇ ಶುರುಮಾಡಿದ. ಧೋತರ ಮೇಲಕ್ಕೆ ಕಟ್ಟಿ, "ನಾನ ಹೊಸಾ ನಾಲಬಂದ" ಅಂದ. ಈರಣ್ಣನಿಗೆ ಹಿಗ್ಗು. ಅಪ್ಪ ಅವನ ಜೊತೆ ಆಡಿದ್ದು ಅದೇ ಮೊದಲು. ತಾನೇ ಉರುಳಿ ಬಿದ್ದು, ಒದರಿ ತೋರಿಸಿದ. ಅಪ್ಪ ಹಗ್ಗವನ್ನು ಬಿಗಿದ. ಎಡಗಾಲನ್ನೂ ಸೊಂಟವನ್ನೂ ಕೂಡಿಸಿ ಬಿಗಿದು ಗಂಟು ಹಾಕಿದ. ಕಂಪೌಂಡರರಿಗೆ "ಲಗೂನ ಮುಗಸ್ರಿ" ಅಂದ. ಅವರು ಪಟ್ಟಿ ನೆನೆಯುವವರೆಗೆ ಕಾಯದೆ ಎಳೆದರು. ಈರಣ್ಣ ಕಿವಿ ಬಡಿದ. ಕಂಪೌಂಡರರ ಕೈ ರೂಢಿಯಂತೆ ಮೇಲೆದ್ದಿತು. ಅಪ್ಪ "ನಡೀಲಿ, ನಡೀಲಿ" ಅಂದ. ಈರಣ್ಣ ಎರಡೂ ಕೈಯಿಂದ ಎರಡೂ ಕಿವಿ ಬಡಿದ. ಅಪ್ಪನಿಗೆ ಕಾಣಲಿಲ್ಲವೇನೋ ಎಂದುಕೊಂಡು ಕತ್ತು ತಿರುಗಿಸಿ, ಅವನ ಮುಖ ನೋಡಿಕೊಂಡು ಬಡಿದ. ಅಪ್ಪ ಅವ್ವನಿಗೆ, "ಕೈ ಹಿಡಿ" ಅಂದ. ಅವ್ವ ಹಿಡಿದಳು. ಆಮೇಲೆ ಅಪ್ಪ ಮೊಣಕಾಲಿನ ಮೇಲೆ ಅಂಗೈ ಊರಿ, ಒಂದೇ ಸಲಕ್ಕೆ ಒತ್ತಿದ. ಹೊಸ ತೊಗಲು ಬಟ್ಟೆ ಹರಿದಂತೆ ಬಿರಿಯಿತು. ಕೌದಿಯ ಮೇಲೆ ರಕ್ತ ಹರಿಯಿತು. ಈರಣ್ಣ ಅಳಲಿಲ್ಲ, ಒದರಲೂ ಇಲ್ಲ. ನಾನು ಅವನ ತಲೆಯ ಹತ್ತಿರ ಕೂತಿದ್ದೆ, ಎತ್ತಿನ ಒಡೆಯನ ಜಾಗದಲ್ಲಿ. ಅವನು ಅಪ್ಪನನ್ನು ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಾತು ಕೊಟ್ಟವರು ಮಾತು ಮರೆತಾಗ ನೆನಪಿಸುವವನಂತೆ ನೋಡುತ್ತಿದ್ದ.

ಅಂದಿನಿಂದ ಅವನು ದಂದಕ್ಕಿಗೆ ಇಳಿಯಲಿಲ್ಲ. ಹಿಡಿದರೆ ಕಚ್ಚಿದ. ಕಂಪೌಂಡರರ ಹೆಬ್ಬೆರಳಿಗೆ ಹಲ್ಲು ನೆಟ್ಟ. ನಾನು ಟವೆಲು ಸುತ್ತಿಕೊಂಡು ಹೋದರೆ ಗೋಡೆಯ ಕಡೆ ತಿರುಗಿದ. ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಅದರ ಮೇಲೆ ಎರಡೂ ಕೈ ಹೆಣೆದುಕೊಂಡು ಮಲಗುತ್ತಿದ್ದ. ನಿದ್ದೆಯಲ್ಲೂ ಆ ಕೈಗಳು ಸಡಿಲುತ್ತಿರಲಿಲ್ಲ. ಬಿರಿದ ಗಾಯ ಮೊದಲು ಮಾಯಲಿ ಎಂದು ಅಪ್ಪ ಹೇಳಿದ. ಹಲಗೆಯನ್ನು ಕಟ್ಟಿಗೆಯ ಅಟ್ಟಕ್ಕೆ ಎಸೆದರು. ಗಾಯ ಮಾಯ್ದಿತು. ಕಾಲು ಮಡಚಿದ್ದಾಗಲೇ ಮಾಯ್ದಿತು. ಮೊಣಕಾಲಿನ ಹಿಂದೆ ತೊಗಲು ಹೊಳೆಯುವ ಹಗ್ಗದಂತೆ ಬಿಗಿದು ನಿಂತಿತು.

ಮತ್ತೆ ಹಾನಗಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ಆ ಬಿಗಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ದಿನಾ ಚಾಚಿಸುತ್ತಿದ್ದವರು ಯಾರು ಎಂದು ಕೇಳಿದರು. ಅವ್ವ ಬಾಯಿ ತೆರೆದಳು. ಉತ್ತರ ಹೇಳಿದ್ದು ಅಪ್ಪ.

"ನನ್ನ ತಂಗಿ ಇದ್ಲರೀ. ಆಟಾ ಆಡಕೋಂತ ಹೊತ್ತು ಕಳದ್ಲು."

ಅದು ಅಲ್ಲಿ ಆ ಗಳಿಗೆಯಲ್ಲಿ ಹುಟ್ಟಿದ ಮಾತು. ನಾನು ಅದು ಹುಟ್ಟಿದ್ದನ್ನು ಕಂಡವಳು. ಊರಿಗೆ ಮರಳುವಷ್ಟರಲ್ಲಿ ಅದಕ್ಕೆ ಕಾಲು ಬಂದಿತ್ತು. ಅಜ್ಜಿ ಅದನ್ನು ಓಣಿಗೆ ಹೇಳಿದಳು, ಓಣಿ ಗಿರಣಿಗೆ ಹೇಳಿತು. ಅವ್ವ ಅದನ್ನು ಹೇಳಲಿಲ್ಲ, ಅಲ್ಲವೆನ್ನಲೂ ಇಲ್ಲ. ನಮ್ಮ ಮನೆಯಲ್ಲಿ ಆಟ ನಿಂತುಹೋಯಿತು. ಗಜ್ಜುಗ, ಚೌಕಾಬಾರಾ ಯಾವುದನ್ನು ಹಾಸಿದರೂ ಅಜ್ಜಿ "ಒಂದು ಕಾಲು ಹೋದದ್ದು ಸಾಲಲಿಲ್ಲೇನು" ಎಂದು ಬಾಚಿ ಎಸೆಯುತ್ತಿದ್ದಳು. ಆ ವಯಸ್ಸಿನಲ್ಲಿ ನಾನು ಕಲಿತದ್ದು ಇಷ್ಟೆ. ನೋಡಬೇಕು, ಮರೆಯಬಾರದು, ಬಾಯಿ ಬಿಡಬಾರದು. ಮೂರನ್ನೂ ಚೆನ್ನಾಗಿ ಕಲಿತೆ. ಮೂರನೆಯದನ್ನು ಬಿಡಲು ನನಗೆ ಮುಪ್ಪು ಬರಬೇಕಾಯಿತು.

ಅತ್ತೆಯನ್ನು ಮತ್ತೆ ಕಂಡದ್ದು ನನ್ನ ಮದುವೆಯ ಹಿಂದಿನ ವರ್ಷ, ಹಿರೇಕೆರೂರಿನಲ್ಲಿ, ನೆಂಟರ ಮನೆಯ ಮದುವೆಗೆ ಹೋದಾಗ. ಮೈದುನನ ಮನೆಯ ಹಿತ್ತಲಲ್ಲಿ ಮೆಕ್ಕೆಜೋಳ ಬಿಡಿಸುತ್ತ ಕೂತಿದ್ದಳು. ಬೆನ್ನು ಬಾಗಿತ್ತು. ತನ್ನ ಬಗ್ಗೆ ಊರಲ್ಲಿ ಹುಟ್ಟಿದ ಮಾತು ಅವಳಿಗೂ ತಲುಪಿತ್ತು. ಅದರ ಬಗ್ಗೆ ಕೇಳಲಿಲ್ಲ. ನನಗೆ ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು:

"ನಾ ಹೋದ ಮ್ಯಾಲೆ ಅವ ಕಿವಿ ಬಡದ್ನೇನವಾ?"

"ಬಡದ ಅತ್ತಿ."

"ನಿಲ್ಲಿಸಿದ್ರೇನು?"

"ಇಲ್ಲ."

ಅವಳು ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಬಿಡಿಸಿ ಮುಗಿಸಿದಳು. ಇನ್ನೊಂದನ್ನು ಎತ್ತಿಕೊಂಡಳು. ಅದೇ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅಪ್ಪ ಮಣ್ಣು ಕೊಡಲು ಹೋಗಿ ಬಂದು, ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಊಟಕ್ಕೆ ಕೂತ.

ಈರಣ್ಣ ಶಿಗ್ಗಾವಿಯಲ್ಲಿ ಕಾಳಿನ ಅಂಗಡಿ ಇಟ್ಟ. ಬಲಗೈಯನ್ನು ತೊಡೆಗೆ ಊರಿ, ಹೆಜ್ಜೆಹೆಜ್ಜೆಗೂ ತಗ್ಗಿ ಏಳುತ್ತ ನಡೆಯುತ್ತಾನೆ. ಅಪ್ಪ ಸಾಯುವವರೆಗೆ ಇದ್ದದ್ದು ಅವನ ಮನೆಯಲ್ಲಿ. ಅಪ್ಪ ಹೋದ ಮೇಲೆ ಒಮ್ಮೆ ನಾನು ಗಂಡನ ಊರಾದ ಸವಣೂರಿನಿಂದ ಅಲ್ಲಿಗೆ ಹೋಗಿದ್ದಾಗ ಅಂಗಡಿಗೆ ಬಂದ ಒಬ್ಬರು ಕಾಲಿಗೆ ಏನಾಯಿತೆಂದು ಕೇಳಿದರು. ಅವನು ನಗುತ್ತ, "ನಮ್ಮ ಅತ್ತಿ ಒಬ್ಬಾಕಿ ಇದ್ಲರೀ, ಆಟಾ ಆಡಿಸಿ ಕಾಲು ಕಳದ್ಲು" ಅಂದ. ಅವರು ಹೋದ ಮೇಲೆ ನಾನು ಹೇಳಿದೆ. ಇಲ್ಲಿ ಬರೆದಷ್ಟನ್ನೂ, ಇದೇ ಕ್ರಮದಲ್ಲಿ, ಒಂದನ್ನೂ ಹೆಚ್ಚಿಸದೆ ಹೇಳಿದೆ. ಅವನು ಅಳತೆಯ ಮಾಪಿನಿಂದ ಹೆಸರುಕಾಳು ತುಂಬುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ನೀ ಸುಳ್ಳ ಹೇಳಾಕಿ ಅಲ್ಲಕ್ಕ. ಖರೇನ ಇರಬೇಕು."

"ಹಂಗಾದ್ರ ಮಂದಿಗೆ ಯಾಕ ಹಂಗ ಹೇಳತೀ?"

"ಒಂದು ಮುಂಜಾನೆ ಎದ್ದೆ, ಅತ್ತಿ ಇರಲಿಲ್ಲ. ಅಪ್ಪ ಇದ್ದ. ಸಾಲಿಗೆ ದಿನಾ ಹೊತ್ಕೊಂಡು ಹೋದಾವ ಅವ. ಅವನ ಮ್ಯಾಲೆ ಸಿಟ್ಟು ಇಟಕೊಂಡಿದ್ರ, ನಾ ಯಾರ ಹೆಗಲ ಮ್ಯಾಲೆ ಕುಂದರಬೇಕಿತ್ತು?"

ಅದು ನಿಜ. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದ. ನಾನು ಹಿಂದಿನಿಂದ ಪಾಟಿಚೀಲ ಹಿಡಿದು ನಡೆಯುತ್ತಿದ್ದೆ. ಈರಣ್ಣನ ಎಡಗಾಲು ಅಪ್ಪನ ಎದೆಯ ಮೇಲೆ ಇಳಿಬಿದ್ದಿರುತ್ತಿತ್ತು. ಬಲಗಾಲು ಇಳಿಯುತ್ತಿರಲಿಲ್ಲ. ಅದಕ್ಕೆ ಎಲ್ಲೂ ತಾಗದಂತೆ ಅಪ್ಪ ಕೆಳಗೆ ಅಂಗೈ ಕೊಟ್ಟಿರುತ್ತಿದ್ದ, ಮೊಟ್ಟೆ ಹಿಡಿದವನಂತೆ. ಹುಡುಗ ಒಂದಿಷ್ಟು ಅಲುಗಾಡಿದರೂ ಸಾಕು, ಅಪ್ಪ ದಾರಿಯ ನಡುವೆಯೇ ನಿಲ್ಲುತ್ತಿದ್ದ.